ಕಾಫಿ ಕೊಳ್ಳುವವರ ಮನೆಯೂಟ

ನಮ್ಮ ಸದಸ್ಯ ಬಾಂಧವರು ಬೆಳೆದ ಕಾಫಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಗೋದಾಮಿನಲ್ಲಿ ಚೀಲ ತೂಗುವವರೂ ‘ಇಟಲಿಗೆ’ ಎನ್ನುತ್ತಾರೆ. ಮಾತು ಸುಳ್ಳಲ್ಲ. ನಮ್ಮ ದೇಶದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳ ಪೈಕಿ ಇಟಲಿ ಅನೇಕ ವರ್ಷಗಳಿಂದ ಮುಂಚೂಣಿಯಲ್ಲಿದೆ. ಅಲ್ಲಿಯ ಎಸ್‌ಪ್ರೆಸೊ ಬಟ್ಟಲಿನ ಮೇಲೆ ನಿಲ್ಲುವ ದಪ್ಪ ಕಂದು ನೊರೆಯಲ್ಲಿ ನಮ್ಮ ರೋಬಸ್ಟಾ ಪಾರ್ಚ್‌ಮೆಂಟಿನ ಪಾಲೂ ಇದೆ. ಆದರೆ ಇಟಲಿಯವರು ಈ ಕಾಫಿಯನ್ನು ಊಟವಾದ ಮೇಲೆ ಕುಡಿಯುವವರು. ಅದಕ್ಕೆ ಮುಂಚೆ ಅವರು ಏನು ಉಂಡಿರುತ್ತಾರೆ, ಅದನ್ನು ಮನೆಯಲ್ಲಿ ಹೇಗೆ ಮಾಡುತ್ತಾರೆ ಎಂಬುದನ್ನು ನಾವು ವಿಚಾರಿಸಿದ್ದು ಕಡಿಮೆ.

ಬೋರ್ಡೋ ದ್ರಾವಣದ ಪ್ರಮಾಣ ಅಚ್ಚಾಗುವ ಪತ್ರಿಕೆಯಲ್ಲಿ ಪಾಸ್ತಾ ಬೇಯಿಸುವ ಪ್ರಮಾಣವೇ ಎಂದು ಹುಬ್ಬೇರಿಸುವ ಹಿರಿಯರು ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ. ಪಾಸ್ತಾ ಈಗ ನಮ್ಮ ತಾಲೂಕು ಕೇಂದ್ರದ ದಿನಸಿ ಅಂಗಡಿಗಳಿಗೂ ಬಂದಿದೆ. ರಜೆಗೆ ಬರುವ ಮಕ್ಕಳು, ಮೊಮ್ಮಕ್ಕಳು ಅದನ್ನೇ ಕೇಳುತ್ತಾರೆ. ಕೇಳಿದ್ದನ್ನು ಮಾಡಿಕೊಡಲು ಹೋಗಿ ನಾವು ಎರಡು ಸಲ ಎಡವಿದ್ದೇವೆ. ಒಂದು ಎಡವಟ್ಟು ನಗುವಂಥದ್ದು; ಇನ್ನೊಂದು ಅಲ್ಲ.

ಮೊದಲು ಪದಾರ್ಥದ ವಿಷಯ. ಪಾಸ್ತಾ ಎಂದರೆ ಬೇರೇನಲ್ಲ, ಗೋಧಿ ಹಿಟ್ಟನ್ನು ನೀರಿನಲ್ಲಿ ನಾದಿ, ಒತ್ತಿ ಅಥವಾ ಲಟ್ಟಿಸಿ, ಆಕಾರ ಕೊಟ್ಟದ್ದು. ನಮ್ಮ ಗೋಧಿ ಶಾವಿಗೆಯ ದಾಯಾದಿ. ಧಾರವಾಡ, ವಿಜಯಪುರದ ಕಡೆಯ ಹೆಣ್ಣುಮಕ್ಕಳು ಮದುವೆ ಮುಂದಿಟ್ಟುಕೊಂಡು ಶಾವಿಗೆಯ ಜೊತೆಗೆ ಗೌಲಿ, ಪರಡಿ ಎಂದೆಲ್ಲ ಬೆರಳಿನಲ್ಲೇ ತಿರುವಿ ಒಣಗಿಸಿಡುವುದನ್ನು ಕಂಡವರಿಗೆ ಇಟಲಿಯ ನೂರೆಂಟು ಆಕಾರಗಳು ಆಶ್ಚರ್ಯವೆನಿಸುವುದಿಲ್ಲ. ವ್ಯತ್ಯಾಸವಿರುವುದು ಗೋಧಿಯಲ್ಲಿ. ಒಣ ಪಾಸ್ತಾಕ್ಕೆ ಬೇಕಾದದ್ದು ಡ್ಯುರಮ್ ಎಂಬ ಗಟ್ಟಿ ಗೋಧಿ. ಇದು ನಮಗೆ ಅಪರಿಚಿತವಲ್ಲ. ಅಂಗಡಿಯಲ್ಲಿ ‘ಬನ್ಸಿ ರವೆ’ ಎಂದು ಉಪ್ಪಿಟ್ಟಿಗೆ ಕೊಳ್ಳುತ್ತೇವಲ್ಲ, ಆ ಹಳದಿ ಛಾಯೆಯ ರವೆ ಇದೇ ಜಾತಿಯ ಗೋಧಿಯದು. ಉತ್ತರ ಕರ್ನಾಟಕದ ಕಪ್ಪು ಮಣ್ಣಿನಲ್ಲಿ ಮಳೆಯಾಶ್ರಯದಲ್ಲೇ ಬೆಳೆಯುತ್ತ ಬಂದದ್ದು. ಇಟಲಿಯಲ್ಲಿ 1967ರಲ್ಲಿ ಮಾಡಿದ ಕಾನೂನಿನ ಪ್ರಕಾರ ಅಲ್ಲಿಯ ಕಾರ್ಖಾನೆಗಳು ಒಣ ಪಾಸ್ತಾವನ್ನು ಡ್ಯುರಮ್ ರವೆಯಿಂದಲೇ ಮಾಡಬೇಕು. ಹೊರಗಿನಿಂದ ಬರುವ ಪಾಸ್ತಾದ ಮೇಲೆ ಈ ನಿಬಂಧನೆ ಹೇರುವಂತಿಲ್ಲ ಎಂದು 1988ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಆದರೂ ಇಟಲಿಯ ಗೃಹಿಣಿ ಮೆದು ಗೋಧಿಯ ಒಣ ಪಾಸ್ತಾವನ್ನು ಒಪ್ಪಲಿಲ್ಲ. ನಮ್ಮ ಅಂಗಡಿಗಳಲ್ಲಾದರೋ ಮೈದಾದಿಂದ ಮಾಡಿದ್ದೂ ಪಾಸ್ತಾ ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ‘ಡ್ಯುರಮ್’ ಎಂದಿದೆಯೇ ನೋಡಿಯೇ ಹಣ ಕೊಡಿ. ನಮ್ಮ ಮೊದಲನೆಯ ಎಡವಟ್ಟಿನಲ್ಲಿ ಅರ್ಧ ತಪ್ಪು ಅಲ್ಲಿಯೇ ಆಗಿತ್ತು.

ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಎಂಬ ಕಥೆಯನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಅವನು ವೆನಿಸ್ಸಿಗೆ ಮರಳಿದ್ದು 1295ರಲ್ಲಿ. ಅದಕ್ಕೆ 16 ವರ್ಷ ಮುಂಚೆ, 1279ರಲ್ಲಿ, ಜಿನೋವಾ ಪಟ್ಟಣದಲ್ಲಿ ಸತ್ತವನೊಬ್ಬನ ಆಸ್ತಿಪಟ್ಟಿಯಲ್ಲಿ ‘ಒಂದು ಬುಟ್ಟಿ ತುಂಬ ಮ್ಯಾಕರೋನಿ’ ನಮೂದಾಗಿದೆ. ಇನ್ನೂ ಹಿಂದೆ, 1154ರಲ್ಲಿ, ಸಿಸಿಲಿಯ ರಾಜನ ಆಶ್ರಯದಲ್ಲಿದ್ದ ಅರಬ್ ಭೂಗೋಳಜ್ಞ ಅಲ್-ಇದ್ರೀಸಿ ಪಲೆರ್ಮೊ ಬಳಿಯ ತ್ರಾಬಿಯಾ ಎಂಬ ಊರಿನಲ್ಲಿ ‘ಇತ್ರಿಯಾ’ ಎಂಬ ಎಳೆಯಾಕಾರದ ತಿನಿಸನ್ನು ಧಾರಾಳವಾಗಿ ತಯಾರಿಸಿ ಹಡಗಿನಲ್ಲಿ ಬೇರೆ ನಾಡುಗಳಿಗೆ ಕಳುಹಿಸುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಹಡಗಿನಲ್ಲಿ ಹೋಗಬೇಕಾದರೆ ಅದು ಒಣಗಿಸಿದ್ದೇ ಆಗಿರಬೇಕು. ಒಣಗಿಸುವುದರ ಮಹತ್ವ ನಮ್ಮ ಕಣದಲ್ಲಿ ಅಡಿಕೆ, ಕಾಫಿ ಹರಡುವವರಿಗೆ ಹೇಳಿಕೊಡಬೇಕಾಗಿಲ್ಲ. ನೇಪಲ್ಸ್ ಹತ್ತಿರದ ಗ್ರಾನ್ಯಾನೊ ಊರಿಗೆ ಹೆಸರು ಬಂದದ್ದೂ ಅಲ್ಲಿಯ ಕಣಿವೆಯ ಗಾಳಿಯಿಂದ. ಬೀದಿಯುದ್ದಕ್ಕೂ ಗಳಗಳ ಮೇಲೆ ಪಾಸ್ತಾ ನೇತುಹಾಕಿ ನಿಧಾನವಾಗಿ ಒಣಗಿಸುತ್ತಿದ್ದರು.

ಈಗ ನಮ್ಮ ಮೊದಲನೆಯ ಪ್ರಯತ್ನ. ಪೇಟೆಯಿಂದ ತಂದ ಪೊಟ್ಟಣವನ್ನು ಶಾವಿಗೆ ಪಾಯಸದ ಅಭ್ಯಾಸದಲ್ಲಿ ಸಣ್ಣ ಪಾತ್ರೆಯಲ್ಲಿ, ಮುಳುಗುವಷ್ಟೇ ನೀರಿಟ್ಟು ಬೇಯಿಸಿದೆವು. ಗಟ್ಟಿಯಾಗಿದೆ ಎನಿಸಿ ಇನ್ನೂ ಹತ್ತು ನಿಮಿಷ ಬೇಯಿಸಿದೆವು. ಬಸಿದು, ತಣ್ಣೀರು ಹುಯ್ದು, ಒಗ್ಗರಣೆ ಹಾಕಿದೆವು. ಬಟ್ಟಲಿಗೆ ಬಂದದ್ದು ಅಂಟಿನ ಮುದ್ದೆ. ಮಕ್ಕಳು ಸಂಕೋಚದಿಂದ ಎರಡು ಚಮಚ ತಿಂದರು. ಉಳಿದದ್ದು ಕೊಟ್ಟಿಗೆಗೆ ಹೋಯಿತು. ಹಸು ಮೂಸಿ ನೋಡಿ ತಿಂದಿತು ಎಂಬುದಷ್ಟೇ ಸಮಾಧಾನ.

ತೊರಿನೊದಲ್ಲಿ ಓದುತ್ತಿರುವ ನಮ್ಮ ತಂಗಿಯ ಮಗ ರಜೆಗೆ ಬಂದಾಗ ತಪ್ಪನ್ನು ತಿದ್ದಿದ. ಪಾಸ್ತಾ ಬೇಯಿಸುವುದು ಪಾಯಸದ ಕ್ರಮವಲ್ಲ, ಕುಸುಬಲಕ್ಕಿ ಅನ್ನ ಬಸಿಯುವ ಕ್ರಮ. ದೊಡ್ಡ ಪಾತ್ರೆ, ಧಾರಾಳ ನೀರು. ನೂರು ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಹತ್ತು ಗ್ರಾಂ ಉಪ್ಪು. ಅಂದರೆ ಉಪ್ಪು ಶೇಕಡಾ ಒಂದು. ಬೋರ್ಡೋ ದ್ರಾವಣದ ತುತ್ತದ ಲೆಕ್ಕವೇ ಆದ್ದರಿಂದ ತೋಟದವರು ಮರೆಯಲಾರರು. ಒಬ್ಬರಿಗೆ ಎಂಬತ್ತರಿಂದ ನೂರು ಗ್ರಾಂ ಒಣ ಪಾಸ್ತಾ ಸಾಕು. ನೀರು ಚೆನ್ನಾಗಿ ಕೊತಕೊತ ಕುದಿಯುವಾಗಲೇ ಹಾಕಬೇಕು, ಹಾಕಿದ ಕೂಡಲೇ ಒಮ್ಮೆ ಕೈಯಾಡಿಸಬೇಕು, ಮುಚ್ಚಳ ಮುಚ್ಚಬಾರದು. ನೀರಿಗೆ ಎಣ್ಣೆ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಬೇಡ. ಎಣ್ಣೆ ಮೇಲೆ ತೇಲುತ್ತದೆ, ಬಸಿಯುವಾಗ ಪಾಸ್ತಾದ ಮೈಗೆ ಹತ್ತಿ, ಆಮೇಲೆ ಗೊಜ್ಜು ಹಿಡಿಯದಂತೆ ಮಾಡುತ್ತದೆ.

ಬೆಂದಿದೆಯೇ ಎಂದು ತಿಳಿಯಲು ಅಗುಳು ಹಿಸುಕುವಂತೆ ಒಂದನ್ನು ತೆಗೆದು ಕಚ್ಚಿ ನೋಡಬೇಕು. ಕಚ್ಚಿದ ಕಡೆ ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಉಳಿದಿರುವಾಗಲೇ ಇಳಿಸತಕ್ಕದ್ದು. ಇದಕ್ಕೆ ಅವರು ‘ಅಲ್ ದೆಂತೆ’, ಅಂದರೆ ಹಲ್ಲಿಗೆ ಸಿಗುವ ಹದ ಎನ್ನುತ್ತಾರೆ. ಉಳಿದ ಬೇಯುವಿಕೆ ಗೊಜ್ಜಿನ ಬಾಣಲೆಯಲ್ಲಿ ಆಗುತ್ತದೆ. ಪೊಟ್ಟಣದ ಮೇಲೆ ಮುದ್ರಿಸಿದ ನಿಮಿಷಗಳನ್ನು ನಮ್ಮ ಕಡೆ ಪೂರ್ಣ ನಂಬುವಂತಿಲ್ಲ. ಸಮುದ್ರಮಟ್ಟದಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಮೂರು ಸಾವಿರ ಅಡಿ ಎತ್ತರದ ತೋಟದ ಮನೆಯಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಘಟ್ಟದ ಮೇಲಿನವರಿಗೆ ಒಂದೆರಡು ನಿಮಿಷ ಹೆಚ್ಚು ಬೇಕು. ಘಟ್ಟದ ಕೆಳಗಿನ ಅಡಿಕೆ ಬೆಳೆಗಾರರಿಗೆ ಪೊಟ್ಟಣದ ಲೆಕ್ಕ ಸರಿಹೋಗುತ್ತದೆ. ಹಲ್ಲೇ ಗಡಿಯಾರ ಎಂದುಕೊಂಡರೆ ಇಬ್ಬರಿಗೂ ತೊಂದರೆಯಿಲ್ಲ.

ಬಸಿಯುವ ಮುಂಚೆ ಒಂದು ಸೌಟು ಗಂಜಿ ತೆಗೆದಿಡುವುದನ್ನು ಮರೆಯಬಾರದು. ಇಡೀ ಅಡುಗೆಯ ಗುಟ್ಟು ಈ ಗಂಜಿಯಲ್ಲಿದೆ. ಬಾಣಲೆಯಲ್ಲಿ ಎಣ್ಣೆಯೂ ನೀರೂ ಬೇರೆ ಬೇರೆ ನಿಲ್ಲದೆ ಒಂದಾಗಿ ಪಾಸ್ತಾಕ್ಕೆ ಹತ್ತುವುದು ಗಂಜಿಯ ಪಿಷ್ಟದಿಂದ. ಬಸಿದ ಮೇಲೆ ತಣ್ಣೀರು ಹುಯ್ದರೆ ಆ ಪಿಷ್ಟವನ್ನೇ ತೊಳೆದುಬಿಟ್ಟಂತೆ. ನಾವು ಮಾಡಿದ್ದು ಅದನ್ನೇ.

ಟೊಮೇಟೊ ಗೊಜ್ಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಅದನ್ನೇ ಮಾಡುತ್ತಾರೆ. ಇಟಲಿಗೆ ಟೊಮೇಟೊ ಬಂದದ್ದು ಅಮೆರಿಕದಿಂದ, 16ನೇ ಶತಮಾನದಲ್ಲಿ. ಅದು ಪಾಸ್ತಾದ ಜೊತೆ ಸೇರಲು ಬಹುಕಾಲ ಹಿಡಿಯಿತು. ಟೊಮೇಟೊ ಹಾಕಿದ ಶಾವಿಗೆ ನೇಪಲ್ಸಿನ ಕವಾಲ್ಕಾಂತಿ ಎಂಬಾತನ ಪಾಕಪುಸ್ತಕದ 1839ರ ಮುದ್ರಣದಲ್ಲಿ ಕಾಣಿಸುತ್ತದೆ. ಅಲ್ಲಿಯ ಉದ್ದನೆಯ ಟೊಮೇಟೊದಲ್ಲಿ ತಿರುಳು ಹೆಚ್ಚು, ನೀರು ಕಡಿಮೆ. ನಮ್ಮ ಸಂತೆಯ ಟೊಮೇಟೊ ನೀರು, ಹುಳಿ. ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿದು, ಬೀಜದ ರಸ ಹಿಂಡಿ ತೆಗೆದು, ಎಣ್ಣೆಯಲ್ಲಿ ಬೆಳ್ಳುಳ್ಳಿಯ ಜೊತೆ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬತ್ತಿಸಿದರೆ ಸರಿಹೋಗುತ್ತದೆ. ಇಳಿಸುವಾಗ ನಾಲ್ಕು ಕಾಮಕಸ್ತೂರಿ ಎಲೆ. ಅಂಗಳದ ಕಾಮಕಸ್ತೂರಿಯೂ ಅವರ ಬಾಜಿಲ್ ಎಂಬುದೂ ಒಂದೇ ಜಾತಿಯ ಗಿಡ. ನಮ್ಮದರ ಪರಿಮಳ ತುಸು ಖಾರ, ಅಷ್ಟೆ. ಗರಂ ಮಸಾಲೆ ಹಾಕಬೇಡಿ. ಹಾಕಿದರೆ ತಿನ್ನಬಾರದೆಂದಿಲ್ಲ, ಆದರೆ ಅದು ಬೇರೆ ಅಡುಗೆ.

ನಮ್ಮ ಎರಡನೆಯ ಎಡವಟ್ಟು ಇನ್ನೊಂದು ಪದಾರ್ಥದಿಂದ ಆಯಿತು. ರೋಮ್ ಸುತ್ತಿನ ಪ್ರದೇಶದಲ್ಲಿ ‘ಕಾಚೊ ಎ ಪೇಪೆ’ ಎಂಬುದೊಂದು ಪಾಸ್ತಾ ಇದೆ. ಅರ್ಥ, ಚೀಸು ಮತ್ತು ಕಾಳುಮೆಣಸು. ಅದರಲ್ಲಿ ಅಷ್ಟೇ ಇರುವುದು. ಕಾಳುಮೆಣಸು ಎಂದೊಡನೆ ನಮ್ಮ ಕಿವಿ ನಿಮಿರಿತು. ಅಡಿಕೆ ಮರಕ್ಕೂ ಸಿಲ್ವರ್ ಓಕಿಗೂ ಹಬ್ಬಿಸಿದ ಬಳ್ಳಿಯ ಮೆಣಸು ಒಂದು ಕಾಲದಲ್ಲಿ ಈ ಕರಾವಳಿಯಿಂದ ಅರಬರ ಹಡಗು ಹತ್ತಿ, ಅಲೆಕ್ಸಾಂಡ್ರಿಯದಲ್ಲಿ ವೆನಿಸ್ಸಿನ ವ್ಯಾಪಾರಿಗಳ ಕೈ ಸೇರಿ ಇಟಲಿಗೆ ಹೋಗುತ್ತಿತ್ತು. ಹಾಗೆ ಹೋದದ್ದು ಹೇಗೆ ಅಡುಗೆಯಾಗುತ್ತದೆ ನೋಡೋಣ ಎಂಬ ಆಸೆ ಒಂದು. ಇನ್ನೊಂದು ಕಾರಣ ನಮ್ಮ ತಾಯಿಯವರು. ವಯಸ್ಸು ಎಂಬತ್ತನಾಲ್ಕು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವವರಲ್ಲ. ಮನೆಯವರೆಲ್ಲ ಟೊಮೇಟೊ ಪಾಸ್ತಾ ಉಣ್ಣುವಾಗ ಅವರು ಒಬ್ಬರೇ ಒಳಗೆ ಮಜ್ಜಿಗೆ ಅನ್ನ ಕಲಸಿಕೊಳ್ಳುತ್ತಿದ್ದರು. ಇದರಲ್ಲಿ ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ. ಹುಡುಗ ತಂದ ‘ಪೆಕೊರಿನೊ ರೊಮಾನೊ’ ಎಂಬ ಕುರಿಹಾಲಿನ ಚೀಸಿನ ತುಂಡು ಮನೆಯಲ್ಲಿತ್ತು.

ಮಾಡುವ ಕ್ರಮ ಹೀಗೆ. ನಾಲ್ಕು ಜನರಿಗೆ ನಾನೂರು ಗ್ರಾಂ ಸ್ಪಗೆಟ್ಟಿ, ಇನ್ನೂರು ಗ್ರಾಂ ಚೀಸು, ಎರಡು ಚಹಾ ಚಮಚ ಕಾಳುಮೆಣಸು. ಗಂಜಿ ಮಂದವಾಗಿರಬೇಕಾದ್ದರಿಂದ ಇದಕ್ಕೆ ಮಾತ್ರ ನೀರು ಕಡಿಮೆ, ಮೂರು ಲೀಟರ್ ಸಾಕು. ಚೀಸಿನಲ್ಲೇ ಉಪ್ಪು ಬಹಳವಿರುವುದರಿಂದ ಉಪ್ಪೂ ಅರ್ಧ. ಮೆಣಸನ್ನು ಪುಡಿ ಮಾಡದೆ ಕಲ್ಲಿನಲ್ಲಿ ಒಡಕಲಾಗಿ ಕುಟ್ಟಿ, ಒಣ ಬಾಣಲೆಯಲ್ಲಿ ಘಮ ಬರುವ ತನಕ ಹುರಿದು, ಅದರ ಮೇಲೆ ಒಂದು ಸೌಟು ಗಂಜಿ ಹುಯ್ಯಬೇಕು. ಹದ ಬರಲು ಎರಡು ನಿಮಿಷವಿರುವಾಗ ಪಾಸ್ತಾವನ್ನು ಬಾಣಲೆಗೆ ಹಾಕಿ ಅಲ್ಲಿಯೇ ಬೇಯಿಸಬೇಕು. ಚೀಸನ್ನು ಹುಡಿಯಂತೆ ಸಣ್ಣಗೆ ತುರಿದು, ಉಗುರುಬೆಚ್ಚಗಾದ ಗಂಜಿಯಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿಟ್ಟಿರಬೇಕು. ಬಾಣಲೆಯನ್ನು ಒಲೆಯಿಂದ ಇಳಿಸಿ, ಒಂದು ನಿಮಿಷ ಆರಲು ಬಿಟ್ಟು, ಆಮೇಲೆಯೇ ಚೀಸು ಸೇರಿಸಿ ಬಿರುಸಾಗಿ ಕೈಯಾಡಿಸಬೇಕು. ಉರಿಯ ಮೇಲಿರುವಾಗಲೇ ಹಾಕಿದರೆ ಚೀಸು ಒಡೆದ ಹಾಲಿನಂತೆ ಗಂಟುಗಂಟಾಗಿ ನೀರು ಬಿಡುತ್ತದೆ. ಸರಿಯಾಗಿ ಬಂದರೆ ಬೆಣ್ಣೆ, ಕೆನೆ ಏನೂ ಇಲ್ಲದೆ ಕೆನೆಯಂಥ ಲೇಪ ಪ್ರತಿ ಎಳೆಗೂ ಹತ್ತುತ್ತದೆ.

ಅಂದು ಸರಿಯಾಗಿಯೇ ಬಂತು. ತಾಯಿಯವರು ಮೊದಲು ಮೂಸಿ ನೋಡಿ, ಆಮೇಲೆ ಎರಡನೆಯ ಸಲ ಬಡಿಸಿಕೊಂಡರು. “ಮೆಣಸು ನಮ್ಮದೇ ಅಲ್ಲವಾ? ಗೊತ್ತಾಗ್ತದೆ” ಎಂದರು. ಮುಂದಿನ ಶನಿವಾರವೂ ಮಾಡಿ ಎಂದು ತಾವೇ ಹೇಳಿದರು. ನಮಗೆ ಆದ ಸಂತೋಷವನ್ನು ಬರೆಯಬೇಕಾಗಿಲ್ಲ.

ಎರಡು ದಿನದ ನಂತರ ಚೀಸಿನ ಹೊದಿಕೆಯ ಮೇಲಿನ ಅಕ್ಷರಗಳನ್ನು ಓದುವ ಬುದ್ಧಿ ಬಂತು. ಕುರಿಹಾಲು, ಉಪ್ಪು, ‘ಕಾಲ್ಯೊ’. ಈ ಕಾಲ್ಯೊ ಏನೆಂದು ಹುಡುಗನನ್ನು ಕೇಳಿದರೆ, “ಹಾಲು ಹೆಪ್ಪಾಗಲು ಹಾಕುವುದು” ಎಂದು ಹೇಳಿ ಸುಮ್ಮನಾದ. ಒತ್ತಿ ಕೇಳಿದ ಮೇಲೆ ಹೇಳಿದ. ನಾವು ಮೊಸರಿಗೆ ಹಾಕುವ ಹೆಪ್ಪು ಮೊಸರೇ. ಅವರದು ಹಾಗಲ್ಲ. ಹಾಲು ಕುಡಿಯುವ ಎಳೆಯ ಕುರಿಮರಿಯ ಜಠರದಲ್ಲಿ ಹಾಲನ್ನು ಗಟ್ಟಿ ಮಾಡುವ ಕಿಣ್ವವಿರುತ್ತದೆ. ಕೊಂದ ಮರಿಯ ಜಠರದಿಂದ ಅದನ್ನು ತೆಗೆಯುತ್ತಾರೆ. ಪೆಕೊರಿನೊ ರೊಮಾನೊಕ್ಕೆ ಕುರಿಮರಿಯದು, ಪ್ರಸಿದ್ಧವಾದ ಪಾರ್ಮೆಸಾನಿಗೆ ಕರುವಿನದು. ಇದು ಕಲಬೆರಕೆಯಲ್ಲ, ಆ ಚೀಸುಗಳ ಅಧಿಕೃತ ನಿಯಮವೇ ಹಾಗಿದೆ. ನಮ್ಮ ದೇಶದಲ್ಲಿ ತಯಾರಾಗಿ ಹಸಿರು ಚುಕ್ಕೆಯ ಗುರುತು ಹೊತ್ತ ಚೀಸುಗಳಿಗೆ ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವ ಹಾಕುತ್ತಾರೆ, ಆ ಬಗ್ಗೆ ಚಿಂತೆಯಿಲ್ಲ. ಆದರೆ ಯಾರೋ ಪ್ರೀತಿಯಿಂದ ಪೆಟ್ಟಿಗೆಯಲ್ಲಿಟ್ಟು ತಂದ ತುಂಡಿನ ಮೇಲೆ ಹಸಿರು ಚುಕ್ಕೆಯೂ ಇರುವುದಿಲ್ಲ, ಮಾಂಸಾಹಾರದ ಗುರುತೂ ಇರುವುದಿಲ್ಲ.

ಹೇಳದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಈ ಬಗ್ಗೆ ಎರಡು ದಿನ ಪಿಸುಮಾತು ನಡೆಯಿತು. ‘ಎಂಬತ್ತನಾಲ್ಕು ವರ್ಷ ಕಾಪಾಡಿಕೊಂಡು ಬಂದವರಿಗೆ ಈಗ ಹೇಳಿ ನೋಯಿಸುವುದೇಕೆ, ಇನ್ನು ಮಾಡದಿದ್ದರಾಯಿತು’ ಎಂಬುದು ಒಂದು ಪಕ್ಷ. ಆದರೆ ಅವರು ಶನಿವಾರದ ದಾರಿ ನೋಡುತ್ತಿದ್ದರು. ಮಾಡದಿದ್ದರೆ ಯಾಕೆ ಎಂದು ಕೇಳುವವರೇ. ಒಂದು ಸುಳ್ಳಿಗೆ ಇನ್ನೊಂದು ಜೋಡಿಸಬೇಕು. ಶುಕ್ರವಾರ ಸಂಜೆ ಅವರು ಜಗಲಿಯಲ್ಲಿ ಬತ್ತಿ ಹೊಸೆಯುತ್ತಿರುವಾಗ ನಾವು ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆವು.

ಬತ್ತಿ ಹೊಸೆಯುವ ಕೈ ನಿಂತಿತು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಗೊತ್ತಿಲ್ಲದೆ ಬಡಿಸಿದ್ದಲ್ಲವಾ?” ಎಂದು ಕೇಳಿದರು. ಹೌದೆಂದೆವು. “ಆ ಹುಡುಗನಿಗೂ ಗೊತ್ತಿರಲಿಲ್ಲವಾ?” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. “ಅವನನ್ನು ಬೈಯಬೇಡ ಮಗಾ. ಆ ತುರಿಮಣೆ ಮಾತ್ರ ಇನ್ನು ನನ್ನ ಪಾತ್ರೆಗಳ ಹತ್ತಿರ ಇಡಬೇಡ” ಎಂದು ಎದ್ದು ಸ್ನಾನಕ್ಕೆ ಹೋದರು. ಮರುದಿನ ಒಪ್ಪತ್ತು ಮಾಡಿದರು. ಆ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಆ ಮೆಣಸಿನದ್ದು, ಅದು ಹಾಕದೆ ಆಗುವುದೇ ಇಲ್ಲವಾ?” ಎಂದು ಕೇಳಿದರು.

ಕಾಚೊ ಎಂದರೆ ಚೀಸು. ಚೀಸಿಲ್ಲದ ಕಾಚೊ ಎ ಪೇಪೆ ಎಂದರೆ ಹಾಲಿಲ್ಲದ ಪಾಯಸ. ಆದರೆ ಇಟಲಿಯಲ್ಲೂ ಎಲ್ಲರಿಗೂ ಚೀಸು ಎಟುಕುತ್ತಿರಲಿಲ್ಲ. ದಕ್ಷಿಣದ ಸಿಸಿಲಿ, ಕಲಾಬ್ರಿಯಾಗಳ ಬಡ ರೈತರು ಒಣಗಿದ ರೊಟ್ಟಿಯನ್ನು ಪುಡಿ ಮಾಡಿ, ಎಣ್ಣೆಯಲ್ಲಿ ಕೆಂಪಗೆ ಹುರಿದು ಪಾಸ್ತಾದ ಮೇಲೆ ಉದುರಿಸಿಕೊಳ್ಳುತ್ತಿದ್ದರು. ಬಡವರ ಚೀಸು ಎಂದೇ ಅದಕ್ಕೆ ಹೆಸರು. ಈಗ ಉಳ್ಳವರೂ ಅದನ್ನು ರುಚಿಗಾಗಿ ತಿನ್ನುತ್ತಾರೆ. ನಮಗೆ ದಾರಿ ಸಿಕ್ಕಿತು. ತಾಯಿಯವರಿಗೆ ಬೇಕರಿಯ ಬ್ರೆಡ್ಡೂ ಆಗದು, ತಂಗಳೂ ಆಗದು. ಆದ್ದರಿಂದ ಆಗಲೇ ಮಾಡಿದ ಎರಡು ತೆಳು ಚಪಾತಿಗಳನ್ನು ಸಣ್ಣ ಉರಿಯ ಹೆಂಚಿನ ಮೇಲೆ ಹಪ್ಪಳದಂತೆ ಗರಿಗರಿಯಾಗುವ ತನಕ ಇಟ್ಟು, ಕೈಯಲ್ಲೇ ಒರಟಾಗಿ ಪುಡಿ ಮಾಡಿದೆವು. ಎರಡು ಚಮಚ ಆಲಿವ್ ಎಣ್ಣೆಯಲ್ಲಿ ಹುರಿದು, ಚಿಟಿಕೆ ಉಪ್ಪು ಹಾಕಿ ಪಕ್ಕಕ್ಕಿಟ್ಟೆವು. ಪಾಸ್ತಾವನ್ನು ಮೊದಲಿನಂತೆಯೇ ಮೆಣಸು ಮತ್ತು ಮಂದ ಗಂಜಿಯಲ್ಲಿ ಬೇಯಿಸಿ, ಒಲೆಯ ಮೇಲಿರುವಾಗಲೇ ಎಣ್ಣೆಯನ್ನು ಸಣ್ಣ ಧಾರೆಯಾಗಿ ಹಾಕುತ್ತ ಕೈಯಾಡಿಸಿದೆವು. ಗಂಜಿ ಎಣ್ಣೆ ಕೂಡಿ ಬಿಳಿಯ ಲೇಪವಾಯಿತು. ಪುಡಿಯನ್ನು ಉದುರಿಸುವುದು ಬಡಿಸಿದ ಮೇಲೆ, ಮುಂಚೆ ಹಾಕಿದರೆ ಮೆತ್ತಗಾಗುತ್ತದೆ. ತುಪ್ಪದಲ್ಲಿಯೂ ಒಮ್ಮೆ ಮಾಡಿ ನೋಡಿದೆವು. ಉಪ್ಪಿಟ್ಟಿನ ನೆನಪು ಬರುತ್ತದೆ. ಕೊಬ್ಬರಿ ಎಣ್ಣೆಯ ಪರಿಮಳ ಇದಕ್ಕೆ ಒಗ್ಗುವುದಿಲ್ಲ. ಆಲಿವ್ ಎಣ್ಣೆಗೆ ಬೆಲೆ ಹೆಚ್ಚು ನಿಜ, ಆದರೆ ಒಂದು ಸಣ್ಣ ಸೀಸೆ ನಮ್ಮ ಮನೆಯಲ್ಲಿ ಮೂರು ತಿಂಗಳು ಬಂತು.

ಮೊದಲಿನಷ್ಟು ರುಚಿಯಾಯಿತೇ ಎಂದರೆ, ಇಲ್ಲ. ತಾಯಿಯವರೂ ಹಾಗೆಯೇ ಹೇಳಿದರು. ಆದರೆ ಬಟ್ಟಲಿನಲ್ಲಿ ಏನೂ ಬಿಡಲಿಲ್ಲ.

ಬೇಕಾದ ಪಾಸ್ತಾ ಅಂಗಡಿಯಲ್ಲಿ ಸಿಗದವರಿಗೆ ಕೈಯಿಂದ ಮಾಡುವ ಒಂದು ಕ್ರಮ ತಿಳಿಸಿ ಮುಗಿಸುತ್ತೇವೆ. ಉತ್ತರ ಇಟಲಿಯ ಬೊಲೋನ್ಯಾದ ಕಡೆ ಮನೆಯ ಪಾಸ್ತಾಕ್ಕೆ ಮೊಟ್ಟೆ ಬೇಕೇ ಬೇಕು, ನೂರು ಗ್ರಾಂ ಹಿಟ್ಟಿಗೆ ಒಂದರಂತೆ. ದಕ್ಷಿಣದ ಪುಲ್ಯಾ ಪ್ರಾಂತದಲ್ಲಿ ಬರೀ ರವೆ, ನೀರು. ಬಾರಿ ಪಟ್ಟಣದ ಹಳೆಯ ಓಣಿಗಳಲ್ಲಿ ಹೆಂಗಸರು ಮನೆಯ ಮುಂದೆ ಮಣೆ ಹಾಕಿಕೊಂಡು ‘ಒರೆಕಿಯೆತ್ತೆ’, ಎಂದರೆ ಪುಟ್ಟ ಕಿವಿ, ಮಾಡಿ ಮಾರುತ್ತಾರೆ. ಬನ್ಸಿ ರವೆಯನ್ನು ಮಿಕ್ಸಿಯಲ್ಲಿ ಮತ್ತೊಮ್ಮೆ ನುಣ್ಣಗೆ ಮಾಡಿ ಜರಡಿ ಹಿಡಿಯಿರಿ. ನಾನೂರು ಗ್ರಾಂ ರವೆಗೆ ಇನ್ನೂರು ಮಿಲಿಲೀಟರ್ ಉಗುರುಬೆಚ್ಚಗಿನ ನೀರು. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಕಿರುಬೆರಳಿನ ದಪ್ಪಕ್ಕೆ ಹಗ್ಗದಂತೆ ಹೊಸೆದು, ಕಡಲೆಕಾಳಿಗಿಂತ ತುಸು ದೊಡ್ಡದಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಮೊಂಡು ಚಾಕುವಿನಿಂದ ಮಣೆಯ ಮೇಲೆ ಒತ್ತಿ ಎಳೆಯಿರಿ. ಸುರುಳಿಯಾದದ್ದನ್ನು ಹೆಬ್ಬೆರಳ ತುದಿಯ ಮೇಲೆ ಮಗುಚಿದರೆ ಕಿವಿಯಾಗುತ್ತದೆ. ನಮ್ಮ ಮೊದಲ ನೂರು ಕಿವಿಗಳು ಕಿವಿಯಂತಿರಲಿಲ್ಲ. ಅಲ್ಲಿ ಇದನ್ನು ಸಾಸಿವೆಯ ಬಳಗದ ಕಹಿ ಸೊಪ್ಪಿನ ಜೊತೆ ಒಂದೇ ನೀರಿನಲ್ಲಿ ಬೇಯಿಸುತ್ತಾರೆ. ನಾವು ಮೂಲಂಗಿ ಸೊಪ್ಪು ಹಾಕಿದೆವು, ಚೆನ್ನಾಗಿ ಹೊಂದಿತು. ಮಳೆಗಾಲದಲ್ಲಿ ಇದನ್ನು ಒಣಗಿಸಿಡುವ ಸಾಹಸ ಬೇಡ. ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಮಾಡಿದ ದಿನವೇ ಬೇಯಿಸಿ.

ಆ ಚೀಸಿನ ಉಳಿದ ತುಂಡನ್ನು ಎಸೆಯಲು ಮನಸ್ಸಾಗಲಿಲ್ಲ. ಬೇರೆ ಡಬ್ಬಿಯಲ್ಲಿಟ್ಟು, ಹೊಸ ತುರಿಮಣೆಯೊಂದನ್ನು ಅದಕ್ಕೆಂದೇ ಕೊಂಡು, ಹೊರಗಿನ ಕೋಣೆಯ ಫ್ರಿಜ್ಜಿನಲ್ಲಿ ಇಟ್ಟಿದ್ದೇವೆ. ಮಕ್ಕಳು ಬಂದಾಗ ತೆಗೆಯುತ್ತೇವೆ. ತಾಯಿಯವರು ಆ ಕಡೆ ಹೋದಾಗಲೆಲ್ಲ “ಅದು ಇನ್ನೂ ಮುಗಿಯಲಿಲ್ಲವಾ?” ಎಂದು ಕೇಳುತ್ತಾರೆ.